ಇಲಿ ಇದ್ದಷ್ಟು ಬೆಕ್ಕು: ಕೊಡಗಿನ ಗದ್ದೆ, ತೋಟಗಳ ಬೇಟೆ ಲೆಕ್ಕ

ಭತ್ತದ ಸುಗ್ಗಿ ಹಬ್ಬ ಪುತ್ತರಿ ಹತ್ತಿರ ಬಂತೆಂದರೆ ಕೊಡಗಿನ ಗದ್ದೆಗಳಲ್ಲಿ ಇಲಿಗಳಿಗೂ ಹಬ್ಬ. ತೆನೆ ಹಾಲು ತುಂಬಿ ಗಟ್ಟಿಯಾಗುವ ಹೊತ್ತು ಅದು. ಬದುವಿನ ಪಕ್ಕದ ಪೈರು ಬುಡದಲ್ಲೇ ಓರೆಯಾಗಿ ತುಂಡಾಗಿ ಬಿದ್ದಿರುತ್ತದೆ. ಬಿಲದ ಬಾಯಲ್ಲಿ ಹಸಿ ಮಣ್ಣಿನ ಗುಡ್ಡೆ ಕಾಣುತ್ತದೆ. "ಕಾಡುಬೆಕ್ಕು ಇದ್ದಿದ್ರೆ ಇಷ್ಟು ಇಲಿ ಇರ್ತಿರಲಿಲ್ಲ" ಅನ್ನುವ ಮಾತು ಕೇಳಿಬರುವುದೂ ಆಗಲೇ. ಮಾತು ಪೂರ್ತಿ ಸುಳ್ಳಲ್ಲ. ಆದರೆ ಸ್ವಲ್ಪ ತಲೆಕೆಳಗಾಗಿದೆ. ಒಂದು ಕಣಿವೆಯಲ್ಲಿ ಎಷ್ಟು ಬೆಕ್ಕು ಬದುಕಬಹುದು ಅನ್ನುವುದನ್ನು ಹೆಚ್ಚಾಗಿ ಇಲಿಗಳೇ ತೀರ್ಮಾನ ಮಾಡುತ್ತವೆ. ಹಾಗಾದರೆ ಬೆಕ್ಕಿನಿಂದ ಇಲಿಗಳಿಗೆ ಪೆಟ್ಟು ಬೀಳುವುದೇ ಇಲ್ಲವಾ? ಬೀಳುತ್ತದೆ. ಆದರೆ ನಾವು ಅಂದುಕೊಂಡ ತಿಂಗಳಲ್ಲಿ ಅಲ್ಲ.

ಮೊದಲು ಬೆಕ್ಕುಗಳು ಯಾವುವು ಅಂತ ನೋಡೋಣ. ರಾತ್ರಿ ತೋಟದ ದಾರಿಯಲ್ಲಿ ಜೀಪಿನ ಬೆಳಕಿಗೆ ಕಣ್ಣು ಹೊಳೆದರೆ ಎಲ್ಲವನ್ನೂ ಕಾಡುಬೆಕ್ಕು ಎಂದುಬಿಡುತ್ತೇವೆ. ಕಾಫಿ ಹಣ್ಣು ತಿಂದು ಬೀಜವನ್ನು ದಾರಿಯಲ್ಲಿ ಹಾಕಿ ಹೋಗುವ ಪುನುಗು ಬೆಕ್ಕು ಬೆಕ್ಕಿನ ಕುಟುಂಬಕ್ಕೇ ಸೇರಿದ್ದಲ್ಲ. ಅದಕ್ಕೆ ಹಣ್ಣೂ ಆಗುತ್ತದೆ, ಹುಳವೂ ಆಗುತ್ತದೆ, ಇಲಿಯೂ ಆಗುತ್ತದೆ. ಅದನ್ನು ಇಲ್ಲಿಗೆ ಬಿಡೋಣ.

ಹುಲಿ, ಚಿರತೆ ಬಿಟ್ಟರೆ ಕೊಡಗಿನ ನಿಜವಾದ ಬೆಕ್ಕುಗಳು ಮೂರು. ಒಂದು ಕಾಡುಬೆಕ್ಕು. ಮರಳು ಬಣ್ಣ, ಉದ್ದ ಕಾಲು, ಗಿಡ್ಡ ಬಾಲ, ಬಾಲದ ತುದಿಗೆ ಕಪ್ಪು ಬಳೆ, ಕಿವಿಯ ತುದಿಯಲ್ಲಿ ನಾಲ್ಕು ಕಪ್ಪು ಕೂದಲು. ಹೆಸರಲ್ಲಿ ಕಾಡು ಇದ್ದರೂ ಇದಕ್ಕೆ ದಟ್ಟ ಕಾಡು ಅಷ್ಟಾಗಿ ಬೇಡ. ಹುಲ್ಲು, ಜೊಂಡು, ಪೊದೆ, ಗದ್ದೆಯಂಚು ಸಾಕು. ಎರಡನೆಯದು ಚಿರತೆ ಬೆಕ್ಕು. ಮನೆ ಬೆಕ್ಕಿನಷ್ಟೇ ಗಾತ್ರ ಅಥವಾ ಅದಕ್ಕಿಂತ ಸ್ವಲ್ಪ ಚಿಕ್ಕದು, ಮೈ ತುಂಬ ಚಿರತೆಯಂಥ ಮಚ್ಚೆ. ಮಳೆ, ತಂಪು, ಮರದ ನೆರಳು ಇದಕ್ಕೆ ಇಷ್ಟ. ಮೂರನೆಯದನ್ನು ನೋಡಿದವರು ಕಡಿಮೆ. ತುಕ್ಕಿನ ಬಣ್ಣದ ಚುಕ್ಕೆಗಳಿರುವ, ಒಂದರಿಂದ ಒಂದೂವರೆ ಕೆಜಿ ತೂಗುವ ಪುಟ್ಟ ಬೆಕ್ಕು. ಪ್ರಪಂಚದಲ್ಲೇ ಅತಿ ಚಿಕ್ಕ ಬೆಕ್ಕುಗಳಲ್ಲಿ ಇದೊಂದು. ಭಾರತ, ಶ್ರೀಲಂಕಾ, ನೇಪಾಳ ಬಿಟ್ಟರೆ ಬೇರೆಲ್ಲೂ ಇಲ್ಲ. ಕಾಡಿನಲ್ಲಿ ಇರುವಂತೆ, ಪಾಳುಬಿದ್ದ ಮನೆಯ ಅಟ್ಟದಲ್ಲೂ ಮರಿ ಹಾಕಿದ ದಾಖಲೆಗಳು ದಕ್ಷಿಣ ಭಾರತದಲ್ಲಿವೆ. ಅಟ್ಟ ಯಾಕೆ ಅಂತ ಕೇಳಬೇಕಿಲ್ಲ ಅಲ್ವಾ? ಇಲಿ ಇರುವುದೇ ಅಲ್ಲಿ.

ಇಲಿಗಳಲ್ಲೂ ಹೀಗೇ, ಎಲ್ಲವೂ ಒಂದೇ ಅಲ್ಲ. ಬೆಕ್ಕಿನ ಲೆಕ್ಕದಲ್ಲಿ ಇದು ತುಂಬಾ ಮುಖ್ಯ. ಗದ್ದೆ ಬದುವಿನ ಸಣ್ಣ ಇಲಿ ಹತ್ತು ಗ್ರಾಂ ಆಸುಪಾಸು ತೂಗುತ್ತದೆ. ಮನೆ, ಗೋದಾಮು, ಮರ ಎಲ್ಲ ಕಡೆ ಹತ್ತಿ ಇಳಿಯುವ ಕಪ್ಪಿಲಿ ನೂರು ಗ್ರಾಂ ದಾಟುತ್ತದೆ. ಗದ್ದೆಯ ಸಣ್ಣ ಹೆಗ್ಗಣ ಇನ್ನೂರು, ಮುನ್ನೂರು ಗ್ರಾಂಗೆ ಬೆಳೆಯುತ್ತದೆ. ತೆನೆ ಕತ್ತರಿಸಿ ಬಿಲದೊಳಗಿನ ಉಗ್ರಾಣಕ್ಕೆ ಸಾಗಿಸುವುದು ಮುಖ್ಯವಾಗಿ ಇದೇ. ಬದು ಅಗೆದಾಗ ಸೇರುಗಟ್ಟಲೆ ಭತ್ತ ಸಿಗುವುದು ಇದರ ಬಿಲದಲ್ಲಿ. ದೊಡ್ಡ ಹೆಗ್ಗಣ ಇನ್ನೂ ಭಾರಿ. ಪೊದೆಯಲ್ಲಿ ಗೂಡು ಕಟ್ಟುವ ಪೊದೆ ಇಲಿ ಒಂದಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಸಿಂಹಳದ ಕಾಫಿ ತೋಟಗಳಲ್ಲಿ ಮೊಗ್ಗು, ಹೂವು ಕಡಿದು ಬೆಳೆಗಾರರನ್ನು ಗೋಳಾಡಿಸಿ 'ಕಾಫಿ ಇಲಿ' ಅಂತ ಹೆಸರು ಗಳಿಸಿದ್ದು ಇದೇ. ಕಾಡಿನ ಕಡೆ ಹೋದರೆ ಬಾಲದ ತುದಿ ಬೆಳ್ಳಗಿರುವ ಮರದಿಲಿ ಸಿಗುತ್ತದೆ. ಮನೆಯಲ್ಲಿ ಗಬ್ಬು ವಾಸನೆ ಬಿಟ್ಟು ಕಿಚಕಿಚ ಅನ್ನುತ್ತಾ ಗೋಡೆಗುಂಟ ಓಡುವ ಸುಂಡಿಲಿ ಮಾತ್ರ ಇಲಿಯೇ ಅಲ್ಲ, ಅದು ಹುಳ ತಿನ್ನುವ ಬೇರೆ ಪ್ರಾಣಿ. ಬೆಕ್ಕು ಅದನ್ನು ಕೊಂದರೂ ಎಷ್ಟೋ ಸಲ ತಿನ್ನದೆ ಬಿಟ್ಟುಹೋಗುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಒಂದು ಗ್ರಾಂ ಇಲಿಯಿಂದ ಅಂದಾಜು ಒಂದೂವರೆ ಕಿಲೋಕ್ಯಾಲೊರಿ ಸಿಗುತ್ತದೆ ಎಂದಿಟ್ಟುಕೊಳ್ಳಿ. ನಾಲ್ಕೈದು ಕೆಜಿಯ, ರಾತ್ರಿಯಿಡೀ ಓಡಾಡುವ ಬೆಕ್ಕಿಗೆ ದಿನಕ್ಕೆ ಸುಮಾರು 300 ಕಿಲೋಕ್ಯಾಲೊರಿ ಬೇಕು. ಹತ್ತು ಗ್ರಾಂನ ಸಣ್ಣ ಇಲಿಗಳನ್ನೇ ನಂಬಿದರೆ ದಿನಕ್ಕೆ ಇಪ್ಪತ್ತು ಹಿಡಿಯಬೇಕು. ನೂರು ಗ್ರಾಂನ ಇಲಿಯಾದರೆ ಎರಡು ಸಾಕು. ಎಳೆ ಹೆಗ್ಗಣ ಒಂದು ಸಿಕ್ಕರೆ ಆ ರಾತ್ರಿ ಮುಗಿಯಿತು. ಆದರೆ ಬಲಿತ ಹೆಗ್ಗಣ ಸುಲಭದ ತುತ್ತಲ್ಲ. ಮೈಕೂದಲು ನಿಗುರಿಸಿ, ಗುರುಗುಟ್ಟಿ, ತಿರುಗಿ ಕಚ್ಚುತ್ತದೆ. ಒಂದೂವರೆ ಕೆಜಿಯ ಪುಟ್ಟ ಬೆಕ್ಕಿಗೆ ಈ ಜಗಳ ಲಾಭದ್ದಲ್ಲ. ಹಾಗಾಗಿ ಮೂರು ಬೆಕ್ಕೂ ಇಲಿ ತಿನ್ನುತ್ತವೆ ಅಂದರೂ, ಮೂರೂ ಒಂದೇ ಇಲಿಯ ಮೇಲೆ ಬೀಳಬೇಕೆಂದೇನಿಲ್ಲ.

ಇದೇ ಲೆಕ್ಕ ಹುಲಿ, ಚಿರತೆ ಯಾಕೆ ಇಲಿ ನಂಬಿ ಬದುಕುವುದಿಲ್ಲ ಅನ್ನುವುದನ್ನೂ ಹೇಳುತ್ತದೆ. 1999ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಬೇರೆ ಬೇರೆ ಮಾಂಸಾಹಾರಿಗಳ ತೂಕವನ್ನೂ ಬೇಟೆಯ ತೂಕವನ್ನೂ ಹೋಲಿಸಿ ನೋಡಿತು. ಸುಮಾರು 21.5 ಕೆಜಿಯ ಹತ್ತಿರ ಒಂದು ಗೆರೆ ಕಂಡಿತು. ಅದಕ್ಕಿಂತ ಹಗುರಾದ ಪ್ರಾಣಿಗಳು ಹೆಚ್ಚಾಗಿ ತಮಗಿಂತ ಬಹಳ ಚಿಕ್ಕ ಬೇಟೆಯ ಮೇಲೆ ಬದುಕುತ್ತವೆ. ಅದಕ್ಕಿಂತ ಭಾರದವು ತಮ್ಮಷ್ಟೇ ದೊಡ್ಡ ಬೇಟೆಗೆ ಕೈಹಾಕುತ್ತವೆ. ಯಾಕೆಂದರೆ ದೊಡ್ಡ ಮೈಯನ್ನು ಹೊತ್ತು ಇಲಿಯ ಹಿಂದೆ ಸುತ್ತಿದರೆ ಸಿಗುವ ಶಕ್ತಿಗಿಂತ ಖರ್ಚಾಗುವುದೇ ಜಾಸ್ತಿ. ಚಿರತೆ ಹಸಿದಾಗ ಇಲಿ ಹಿಡಿಯಬಹುದು, ಆದರೆ ಅದು ಅದರ ಸಂಸಾರ ನಡೆಸುವ ಆದಾಯ ಅಲ್ಲ. ನಮ್ಮ ಮೂರೂ ಸಣ್ಣ ಬೆಕ್ಕುಗಳು ಆ ಗೆರೆಗಿಂತ ಎಷ್ಟೋ ಕೆಳಗಿವೆ.

ಬೆಕ್ಕಿನ ಮೈಯೂ ಇಲಿಗೆ ತಕ್ಕಂತೆಯೇ ಇದೆ. ಟಾರಿನ್ ಅನ್ನುವ ಒಂದು ಪದಾರ್ಥ ಕಣ್ಣಿಗೂ ಹೃದಯಕ್ಕೂ ಬೇಕು. ಬೆಕ್ಕಿನ ದೇಹ ಅದನ್ನು ಬೇಕಾದಷ್ಟು ತಯಾರಿಸಿಕೊಳ್ಳುವುದಿಲ್ಲ, ಮಾಂಸದಿಂದಲೇ ಬರಬೇಕು. ಕ್ಯಾರೆಟ್ಟು, ಸೊಪ್ಪಿನಲ್ಲಿರುವ ಬಣ್ಣವನ್ನು ವಿಟಮಿನ್ ಎ ಆಗಿ ಬದಲಿಸುವುದು ನಮಗೆ ಆಗುತ್ತದೆ, ಬೆಕ್ಕಿಗೆ ಆಗದು. ಅದಕ್ಕೆ ಇಲಿಯ ಯಕೃತ್ತೇ ಬೇಕು. ಇಲಿಯ ಮೈಯಲ್ಲಿ ಮೂರನೇ ಎರಡು ಪಾಲು ನೀರು. ಇಡೀ ಇಲಿ ತಿಂದರೆ ನೀರಿನ ಅಗತ್ಯವೂ ಬಹಳಷ್ಟು ತೀರುತ್ತದೆ. ಸಿಹಿ ರುಚಿ ಬೆಕ್ಕಿಗೆ ಗೊತ್ತೇ ಆಗುವುದಿಲ್ಲ, ಅದಕ್ಕೆ ಬೇಕಾದ ಜೀನ್ ಕೆಟ್ಟುಹೋಗಿದೆ ಎಂದು 2005ರಲ್ಲಿ ಪತ್ತೆಯಾಯಿತು. ಪುನುಗು ಬೆಕ್ಕು ಕಾಫಿ ಹಣ್ಣಿಗೆ ಬರುವುದು, ಕಾಡುಬೆಕ್ಕು ಅದರತ್ತ ನೋಡದೇ ಇರುವುದು ಇಷ್ಟರಲ್ಲೇ ಅರ್ಥವಾಗುತ್ತದೆ.

ಹಿಡಿಯುವುದು ಹೇಗೆ? ಕಣ್ಣಿಗಿಂತ ಮೊದಲು ಕಿವಿ. ಇಲಿಗಳು ತಮ್ಮತಮ್ಮಲ್ಲಿ ನಮಗೆ ಕೇಳದಷ್ಟು ಕೀರಲು ದನಿಯಲ್ಲಿ ಮಾತಾಡಿಕೊಳ್ಳುತ್ತವೆ. ನಮ್ಮ ಕಿವಿಯ ಮಿತಿ 20 ಕಿಲೋಹರ್ಟ್ಸ್. ಇಲಿಗಳ ಕೂಗು 22ರಲ್ಲೂ ಇದೆ, 50ರಲ್ಲೂ ಇದೆ. ಬೆಕ್ಕಿಗೆ ಅದಕ್ಕಿಂತ ಮೇಲಿನದೂ ಕೇಳುತ್ತದೆ. ಹಾಗಾಗಿ ಬದುವಿನ ಪಕ್ಕ ಸುಮ್ನೆ ಕೂತಂತೆ ಕಾಣುವ ಬೆಕ್ಕು ಸುಮ್ನೆ ಕೂತಿರುವುದಿಲ್ಲ. ಹುಲ್ಲಿನ ಮರೆಯಲ್ಲಿ ಇಲಿ ಎಲ್ಲಿದೆ ಎಂದು ಎರಡೂ ಕಿವಿ ತಿರುಗಿಸಿ ಅಳೆಯುತ್ತಿರುತ್ತದೆ. ಆಮೇಲೆ ಒಂದೇ ನೆಗೆತ. ಮುಂಗಾಲಿನಿಂದ ಅದುಮಿ, ಕೋರೆಹಲ್ಲನ್ನು ಕತ್ತಿನ ಮೂಳೆಗಳ ಸಂದಿಗೆ ಇಳಿಸುತ್ತದೆ. ಅಷ್ಟು ಹತ್ತಿರದಿಂದ ಬೆಕ್ಕಿಗೆ ಸರಿಯಾಗಿ ಕಾಣುವುದಿಲ್ಲ. ಆಗ ಮುಂದಕ್ಕೆ ಬಾಗುವ ಮೀಸೆಯೇ ಇಲಿ ಎಲ್ಲಿದೆ ಎಂದು ತಿಳಿಸುತ್ತದೆ. ನೆಗೆದಾಗಲೆಲ್ಲ ಇಲಿ ಸಿಗುವುದೂ ಇಲ್ಲ. ಎಷ್ಟೋ ನೆಗೆತ ದಂಡ.

ಇಷ್ಟೆಲ್ಲ ನಡೆಯುವುದು ಕತ್ತಲಲ್ಲಿ, ಪೊದೆಯೊಳಗೆ. ಹಾಗಾದರೆ ಯಾವ ಬೆಕ್ಕು ಏನು ತಿಂದಿತು ಅಂತ ಗೊತ್ತಾಗುವುದು ಹೇಗೆ? ಮಲದಿಂದ. ಇಲಿಯ ಕೂದಲು, ಹಲ್ಲು ಜೀರ್ಣವಾಗುವುದಿಲ್ಲ. ದಾರಿಯಲ್ಲಿ ಬಿದ್ದ ಮಲವನ್ನು ತೊಳೆದು ಒಣಗಿಸಿ ಕೂದಲನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಅದರ ಮೇಲಿನ ಪೊರೆ, ಒಳಗಿನ ತಿರುಳಿನ ವಿನ್ಯಾಸ ಜಾತಿಯಿಂದ ಜಾತಿಗೆ ಬೇರೆ. ದವಡೆ ಹಲ್ಲು ಸಿಕ್ಕರೆ ಇನ್ನೂ ಖಚಿತ. ತಿಂದ ಬೆಕ್ಕು ಯಾವುದು ಎನ್ನುವುದನ್ನು ಈಗ ಡಿಎನ್ಎ ಹೇಳುತ್ತದೆ. ರಾಜಸ್ಥಾನದ ಸರಿಸ್ಕಾದಲ್ಲಿ ಹೀಗೆ ಮಾಡಿದ, 2004ರಲ್ಲಿ ಪ್ರಕಟವಾದ ಅಧ್ಯಯನ ಒಂದು ಕಾಡುಬೆಕ್ಕು ದಿನಕ್ಕೆ ಮೂರರಿಂದ ಐದು ಇಲಿ ತಿನ್ನುತ್ತದೆ ಎಂದು ಅಂದಾಜು ಮಾಡಿತು. ಸರಿಸ್ಕಾ ಒಣ ನಾಡು, ಅಲ್ಲಿನ ಇಲಿಗಳೂ ಬೇರೆ. ಆ ಅಂಕಿಯನ್ನು ಹಾಗೇ ತಂದು ಕೊಡಗಿನ ಪೊನ್ನಂಪೇಟೆ ಗದ್ದೆಗೆ ಅಂಟಿಸಬಾರದು. ಆದರೂ ವರ್ಷಕ್ಕೆ ಸಾವಿರದಿಂದ ಸಾವಿರದೆಂಟುನೂರು ಇಲಿ ಅನ್ನುವುದು ಸಣ್ಣ ಮಾತಲ್ಲ.

ಇಲ್ಲಿಯೇ ಜನ ಎಡವುವುದು. ವರ್ಷಕ್ಕೆ ಸಾವಿರ ಇಲಿ ತಿಂದರೆ ಇಲಿ ಕಡಿಮೆಯಾಗಬೇಕಲ್ಲ? ಆಗಲೇಬೇಕೆಂದಿಲ್ಲ. ಗದ್ದೆ ಹೆಗ್ಗಣ ಗರ್ಭ ಕಟ್ಟಿ ಮರಿ ಹಾಕಲು ಮೂರು ವಾರ ಸಾಕು. ಒಂದು ಸಲಕ್ಕೆ ಆರು, ಎಂಟು ಮರಿ. ಹೆತ್ತ ಕೆಲವೇ ದಿನಕ್ಕೆ ಮತ್ತೆ ಗರ್ಭ. ಬೆಕ್ಕಿಗೆ ಗರ್ಭವೇ ಎರಡು ತಿಂಗಳು. ಎರಡೋ ಮೂರೋ ಮರಿ, ಅವು ಸ್ವಂತ ಬೇಟೆಗೆ ಇಳಿಯಲು ಇನ್ನೂ ತಿಂಗಳುಗಟ್ಟಲೆ. ಭತ್ತ ತೆನೆಯಾಗಿ ಇಲಿಗಳು ಒಂದೇ ಸಮನೆ ಮರಿ ಹಾಕಲು ಶುರು ಮಾಡಿದ ಮೇಲೆ ಬೆಕ್ಕು ಓಡಿ ಹಿಡಿಯಲಾಗದ ಬಸ್ಸಿನ ಹಿಂದೆ ಓಡಿದಂತೆ. ಹೊಟ್ಟೆಗೂ ಮಿತಿ ಇದೆ. ಗದ್ದೆಯಲ್ಲಿ ಐವತ್ತು ಇಲಿ ಇದ್ದರೂ, ಐನೂರು ಇದ್ದರೂ ಅದು ತಿನ್ನುವುದು ನಾಲ್ಕೋ ಐದೋ. ಮಿಜೋರಾಂನಲ್ಲಿ ಸುಮಾರು 48 ವರ್ಷಕ್ಕೊಮ್ಮೆ ಬಿದಿರು ಒಟ್ಟಿಗೇ ಹೂಬಿಟ್ಟು ಅಕ್ಕಿ ಉದುರಿಸಿದಾಗ ಇಲಿಗಳು ಹೇಗೆ ಏಳುತ್ತವೆ ನೋಡಿ. ಅಲ್ಲಿನ ಕಾಡುಗಳಲ್ಲಿ ಬೆಕ್ಕುಗಳ ಬಗೆಗಳಿಗೆ ಬರ ಇಲ್ಲ. 1958-59ರ ಬರಗಾಲವನ್ನು ಅವು ತಡೆಯಲಿಲ್ಲ, 2006ರ ನಂತರದ ಇಲಿ ಹಾವಳಿಯನ್ನೂ ತಡೆಯಲಿಲ್ಲ.

ಹಾಗಾದರೆ ಬೆಕ್ಕಿನ ಪೆಟ್ಟು ಬೀಳುವುದು ಯಾವಾಗ? ಇಲಿ ಕಡಿಮೆ ಇರುವಾಗ. ಆಸ್ಟ್ರೇಲಿಯಾದ ಗೋಧಿ ಹೊಲಗಳ ಇಲಿ ಹಾವಳಿಯ ಮೇಲೆ 1990ರಲ್ಲಿ ಪ್ರಕಟವಾದ ಕೆಲಸ ಇದನ್ನು ಚೆನ್ನಾಗಿ ತೋರಿಸಿತು. ಇಲಿಗಳ ಸಂಖ್ಯೆ ಕೆಳಗಿದ್ದಾಗ ಬೇಟೆಗಾರ ಹಕ್ಕಿ, ಪ್ರಾಣಿಗಳು ಅದನ್ನು ಕೆಳಗೇ ಒತ್ತಿ ಹಿಡಿಯಬಲ್ಲವು. ಒಮ್ಮೆ ಆ ಹಿಡಿತ ತಪ್ಪಿ ಸಂಖ್ಯೆ ಮೇಲೆ ಹೋಯಿತೋ, ಆಮೇಲೆ ಬೇಟೆಯಿಂದ ಏನೂ ಆಗುವುದಿಲ್ಲ.

ಕೊಡಗಿನ ವರ್ಷಕ್ಕೆ ಇದನ್ನು ಹೊಂದಿಸಿ ನೋಡಿ. ಇಲ್ಲಿ ಭತ್ತ ಹೆಚ್ಚಾಗಿ ಒಂದೇ ಬೆಳೆ. ಕುಯಿಲಾಗಿ ಕಣ ಮುಗಿದ ಮೇಲೆ ಗದ್ದೆ ಬೋಳು. ಏಪ್ರಿಲ್, ಮೇ ಹೊತ್ತಿಗೆ ಬಿಲದ ಉಗ್ರಾಣವೂ ಖಾಲಿ. ಇಲಿಗಳಲ್ಲಿ ಕೆಲವು ಸಾಯುತ್ತವೆ, ಕೆಲವು ಮನೆ, ತೋಟದ ಕೆಲಸಗಾರರ ಲೈನುಮನೆ, ಗೋದಾಮು ಸೇರುತ್ತವೆ, ಕೆಲವು ತೋಟದ ಅಂಚಿನ ಪೊದೆಗೆ ಏರುತ್ತವೆ. ಜೂನ್ ಮಳೆ ಹಿಡಿದರೆ ತಗ್ಗಿನ ಬಿಲಗಳಿಗೆ ನೀರು ನುಗ್ಗುತ್ತದೆ. ನಾಟಿಯ ಹೊತ್ತಿಗೆ ಇಡೀ ಬಯಲಿನಲ್ಲಿ ಒಣಗಿ ಉಳಿದಿರುವುದು ಬದುಗಳು ಮಾತ್ರ. ಆ ಬದುಗಳ ಮೇಲೆ ಉಳಿದ ಇಲಿಗಳೇ ಮುಂದೆ ಅಕ್ಟೋಬರ್, ನವೆಂಬರಿನ ಸೈನ್ಯದ ಅಜ್ಜಿಯರು. ಆಗ ತಿಂದ ಒಂದು ಹೆಣ್ಣು ಹೆಗ್ಗಣ, ಪುತ್ತರಿ ಹೊತ್ತಿಗೆ ತಿಂದ ಹತ್ತಕ್ಕಿಂತ ಹೆಚ್ಚು ಲೆಕ್ಕಕ್ಕೆ ಬರುತ್ತದೆ. ಬದುವಿನಂಥ ಕಿರಿದಾದ ಜಾಗದಲ್ಲಿ ಬೇಟೆಯೂ ಸುಲಭ. ತೆನೆಯ ಹೊತ್ತಲ್ಲಿ "ಬೆಕ್ಕು ಎಲ್ಲಿ" ಅಂತ ಹುಡುಕುವವರು ಮೇ, ಜೂನ್‌ನಲ್ಲಿ ಅದು ಎಲ್ಲಿತ್ತು ಅಂತ ಕೇಳಬೇಕು.

ಆ ಬರದ ತಿಂಗಳುಗಳಲ್ಲಿ ಬೆಕ್ಕು ಬದುಕಿ ಉಳಿಯಬೇಕಲ್ಲ. ಇಲ್ಲಿ ಕೊಡಗಿನ ನೆಲದ ವಿನ್ಯಾಸವೇ ಸಹಾಯಕ್ಕೆ ಬರುತ್ತದೆ. ಕೆಳಗೆ ಗದ್ದೆ, ಅದರ ಮೇಲೆ ತೋಟ, ಬಾಣೆ (ಗದ್ದೆಗೆ ಸೇರಿದ ಮರ, ಹುಲ್ಲಿನ ಜಮೀನು), ನಡುನಡುವೆ ದೇವರಕಾಡು. ಜಿಲ್ಲೆಯಲ್ಲಿ 1200ಕ್ಕೂ ಹೆಚ್ಚು ದೇವರಕಾಡುಗಳಿವೆ. ಗದ್ದೆಯಲ್ಲಿ ಇಲಿ ಇಲ್ಲದಾಗ ಬೆಕ್ಕು ತೋಟಕ್ಕೆ ಏರುತ್ತದೆ. ಅಲ್ಲಿ ಮರದಿಲಿ, ಹಕ್ಕಿ, ಓತಿ, ಕಪ್ಪೆ ಏನಾದರೂ ಸಿಗುತ್ತದೆ. ನೆರಳು ಮರ ಉಳಿಸಿಕೊಂಡ ಕಾಫಿ ತೋಟ ಚಿರತೆ ಬೆಕ್ಕಿಗೆ ಹಿಡಿಸುವಂಥ ಜಾಗ. ಈ ಬೆಕ್ಕಿಗೆ ಸೆಕೆ ಆಗದು. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಬೇಸಿಗೆಯಲ್ಲಿ 38 ಡಿಗ್ರಿ ದಾಟುವ ಕಡೆ ಇದು ಇರುವುದು ಕಷ್ಟ. ಅದಕ್ಕೇ ಪಶ್ಚಿಮ ಘಟ್ಟದ ಚಿರತೆ ಬೆಕ್ಕುಗಳಿಗೂ ಉತ್ತರ ಭಾರತದವಕ್ಕೂ ನಡುವೆ ಸಂಪರ್ಕ ಕಡಿದುಹೋಗಿದೆ. ಕ್ಯಾಮೆರಾ ಇಟ್ಟು ಎಣಿಸಿದಾಗ ಮಳೆ ಜಾಸ್ತಿ ಇರುವ ಭದ್ರಾ ಕಾಡಿನಲ್ಲಿ 100 ಚದರ ಕಿಲೋಮೀಟರಿಗೆ ಸುಮಾರು ಹತ್ತು, ಬಿಳಿಗಿರಿರಂಗನ ಬೆಟ್ಟದಲ್ಲಿ ನಾಲ್ಕೂವರೆ ಸಿಕ್ಕವು. ಮಲೇಷಿಯಾದ ಸಬಾದಲ್ಲಂತೂ ತಾಳೆಎಣ್ಣೆ ತೋಟಗಳಿಗೆ ಈ ಬೆಕ್ಕುಗಳು ರಾತ್ರಿ ಇಲಿ ಬೇಟೆಗೆಂದೇ ಇಳಿಯುತ್ತವೆ. ಹಗಲಿಗೆ ಮಲಗಲು, ಮರಿ ಹಾಕಲು ಮಾತ್ರ ಪಕ್ಕದ ಕಾಡು ಬೇಕು. ತೋಟವೊಂದೇ ಸಾಲದು, ಮಗ್ಗುಲಲ್ಲಿ ಮರೆಯೂ ಬೇಕು. ಎಲ್ಲ ಪೊದೆ ಕೆತ್ತಿ ತೋಟವನ್ನು ಅಂಗಳದಂತೆ ಇಡುವ ಮಾಲೀಕರಿಗೆ ಇದು ಹಿಡಿಸದ ಮಾತು. ಆದರೂ ಹೊಳೆಯಂಚಿನ ಒಂದು ಪಟ್ಟಿಯನ್ನಾದರೂ ಕೆತ್ತದೆ ಬಿಡಬಹುದು ಅಂತ ನನಗನಿಸುತ್ತದೆ.

ಇನ್ನು ಪಾಷಾಣದ ವಿಷಯ. ಈ ಸರಪಳಿಯಲ್ಲಿ ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಇದೇ. ನಮ್ಮಲ್ಲಿ ಬಳಕೆಯಲ್ಲಿರುವುದು ಮುಖ್ಯವಾಗಿ ಎರಡು ಬಗೆ. ಒಂದು ಸತುವಿನ ಫಾಸ್ಫೈಡ್, ಆ ಕಪ್ಪು ಪುಡಿ. ಅದು ಹೊಟ್ಟೆಯ ಆಮ್ಲಕ್ಕೆ ತಾಗಿ ಫಾಸ್ಫೀನ್ ಅನಿಲವಾಗಿ ಇಲಿಯನ್ನು ಗಂಟೆಗಳಲ್ಲೇ ಕೊಲ್ಲುತ್ತದೆ. ಇಲಿಯ ಮಾಂಸದಲ್ಲಿ ಅಷ್ಟಾಗಿ ಉಳಿಯುವುದಿಲ್ಲ, ಆದರೆ ಹೊಟ್ಟೆಯಲ್ಲಿ ಕರಗದೆ ಉಳಿದದ್ದು ತಿಂದವರಿಗೆ ಅಪಾಯವೇ. ಇದರ ರುಚಿ ಕಂಡು ಬದುಕಿ ಉಳಿದ ಇಲಿ ಮತ್ತೆ ಆ ತಿಂಡಿಯ ಹತ್ತಿರ ಸುಳಿಯುವುದಿಲ್ಲ. ಅದಕ್ಕೇ ಮೊದಲೆರಡು ದಿನ ವಿಷವಿಲ್ಲದ ತಿಂಡಿ ಇಟ್ಟು ನಂಬಿಸುವುದು.

ಇನ್ನೊಂದು ಕೇಕ್ ರೂಪದಲ್ಲಿ ಬರುವ ಬ್ರೊಮಾಡಿಯೊಲೋನ್. ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ ಮೈಯೊಳಗೆ ಮತ್ತೆ ಮತ್ತೆ ಬಳಕೆಯಾಗುತ್ತಿರುತ್ತದೆ. ಈ ವಿಷ ಆ ಚಕ್ರವನ್ನೇ ನಿಲ್ಲಿಸುತ್ತದೆ. ಒಳಗೇ ರಕ್ತ ಸೋರಿ ಇಲಿ ಸಾಯುತ್ತದೆ. ಆದರೆ ತಕ್ಷಣ ಅಲ್ಲ, ಮೂರು ದಿನ, ಐದು ದಿನ, ಒಂದೊಂದು ಸಲ ವಾರ. ಆ ದಿನಗಳಲ್ಲಿ ಇಲಿ ತಿನ್ನುತ್ತಲೇ ಇರುತ್ತದೆ, ವಿಷ ಸೇರುತ್ತಲೇ ಇರುತ್ತದೆ. ಕೊನೆಕೊನೆಗೆ ಸುಸ್ತಾಗಿ ಬಯಲಲ್ಲಿ ತೂಗಾಡುತ್ತಾ ನಡೆಯುತ್ತದೆ. ಕಿವಿಯಿಂದ ಬೇಟೆಯಾಡುವ ಪ್ರಾಣಿಗೆ ಇದಕ್ಕಿಂತ ಸುಲಭದ ಊಟ ಬೇರೆ ಇಲ್ಲ. ತಿಂದ ಬೆಕ್ಕಿನ, ಗೂಬೆಯ ಯಕೃತ್ತಿನಲ್ಲಿ ಆ ವಿಷ ತಿಂಗಳುಗಟ್ಟಲೆ ಕೂತಿರುತ್ತದೆ. ಇನ್ನೊಂದು ಇಲಿ, ಇನ್ನಷ್ಟು ವಿಷ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬಾಬ್‌ಕ್ಯಾಟ್ ಎಂಬ ಅಲ್ಲಿನ ಬೆಕ್ಕುಗಳು ಕಜ್ಜಿ ಹತ್ತಿ ಗುಂಪಾಗಿ ಸತ್ತಾಗ, ಅವುಗಳ ಯಕೃತ್ತಿನಲ್ಲಿ ಇದೇ ಜಾತಿಯ ವಿಷಗಳು ಸಿಕ್ಕವು. ವಿಷ ಜಾಸ್ತಿ ಸೇರಿದವಕ್ಕೇ ಕಜ್ಜಿಯೂ ಜೋರಾಗಿತ್ತು.

ಕೆಟ್ಟ ತಮಾಷೆ ಏನೆಂದರೆ, ವಿಷ ಹಾಕಿದ ಮೇಲೆ ಇಲಿಗಳ ಸಂಖ್ಯೆ ಒಂದೆರಡು ಬೆಳೆಯಲ್ಲಿ ಮರಳಿ ಬರುತ್ತದೆ. ಪಕ್ಕದ ಗದ್ದೆಯಿಂದ ಬಂದು ಖಾಲಿ ಬಿಲ ತುಂಬುತ್ತವೆ. ಬೆಕ್ಕು ಅಷ್ಟು ಬೇಗ ಮರಳುವುದಿಲ್ಲ. ಕೆಳಗಿನ ಸಂಖ್ಯೆಯನ್ನು ಒತ್ತಿ ಹಿಡಿಯಬೇಕಾದವರೇ ಇಲ್ಲದ ಮೇಲೆ ಮುಂದಿನ ವರ್ಷ ಇನ್ನೂ ಎರಡು ಪೊಟ್ಟಣ ಜಾಸ್ತಿ ಬೇಕಾಗುತ್ತದೆ. ಕಾನೂನಿನಲ್ಲಿಯೂ ಈ ಜೋಡಿ ವಿಚಿತ್ರವಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ಮೂರು ಬೆಕ್ಕಿಗೂ ರಕ್ಷಣೆ ಕೊಟ್ಟಿದೆ. ಇಲಿಗಳನ್ನು ಕಾಗೆ, ಬಾವಲಿಯ ಜೊತೆ ಪೀಡೆ ಎಂದು ಐದನೇ ಷೆಡ್ಯೂಲಿಗೆ ಹಾಕಿತ್ತು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿ ಹೋಯಿತು.

ರೈತ ಏನೂ ಮಾಡದೆ ಕೂರಬೇಕು ಅಂತ ಅಲ್ಲ. ಇಲಿ ಜ್ವರ ಬರುವುದೂ ಇದೇ ಗದ್ದೆಯ ನೀರಿನಿಂದ. ಆದರೆ ಸಮಯ ನೋಡಿ ಮಾಡಿದರೆ ಕಡಿಮೆ ಖರ್ಚಿನಲ್ಲಿ ಹೆಚ್ಚು ಕೆಲಸವಾಗುತ್ತದೆ. ನಾಟಿಗೆ ಮುಂಚೆ, ಇಲಿ ಕಡಿಮೆ ಇರುವಾಗಲೇ ಬದು ಕೆತ್ತಿ, ಬಿಲ ಅಗೆದು, ಬೋನು ಇಡಬೇಕು. ಅಗಲ ಬದುವಿನಲ್ಲಿ ಹೆಗ್ಗಣ ಆರಾಮಾಗಿ ಮನೆ ಕಟ್ಟುತ್ತದೆ. ನಡೆಯಲು ಬೇಕಾದ ದೊಡ್ಡ ಬದು ಬಿಟ್ಟು ಉಳಿದವನ್ನು ಕಿರಿದು ಮಾಡಬಹುದು. ಒಂದು ಬಯಲಿನವರೆಲ್ಲ ಹೆಚ್ಚುಕಮ್ಮಿ ಒಟ್ಟಿಗೆ ನಾಟಿ ಮಾಡಿದರೆ ಇಲಿಗಳಿಗೆ ತೆನೆ ಸಿಗುವ ದಿನಗಳೂ ಕಡಿಮೆ, ಹಾಗಾಗಿ ಮರಿ ಹಾಕುವ ಸರದಿಯೂ ಕಡಿಮೆ. ಪಾಷಾಣ ಇಡಲೇಬೇಕಾದರೆ ಬಿಲದ ಒಳಗೆ ಇಟ್ಟು ಬಾಯಿ ಮುಚ್ಚಬೇಕು. ಸತ್ತ ಇಲಿಗಳನ್ನು ದಿನಾ ಹೆಕ್ಕಿ ಆಳವಾಗಿ ಹೂಳಬೇಕು. ತೋಡಿಗೆ ಎಸೆಯುವುದು, ಬದುವಿನ ಮೇಲೆ ಬಿಡುವುದು ಬೇಡ. ಈ ಕೊನೆಯ ಕೆಲಸವನ್ನು ತೋಟದ ಲೆಕ್ಕ, ಆಳುಗಳನ್ನು ನೋಡಿಕೊಳ್ಳುವ ರೈಟರ್‌ಗೆ ಪ್ರತ್ಯೇಕವಾಗಿ ಹೇಳಿಡಬೇಕು, ಇಲ್ಲದಿದ್ದರೆ ಅದು ಯಾರ ಕೆಲಸವೂ ಆಗಿರುವುದಿಲ್ಲ.

ಕಳೆ ಕೊಚ್ಚುವಾಗ ಹುಲ್ಲಿನೊಳಗೆ ಬೆಕ್ಕಿನ ಮರಿಗಳು ಸಿಗುವುದುಂಟು. ತಾಯಿ ಕಾಣದಿದ್ದರೆ ಅನಾಥ ಅಂದುಕೊಂಡು ಮನೆಗೆ ತಂದು ಹಾಲು ಹಾಕುತ್ತಾರೆ. ತಾಯಿ ಬಿಟ್ಟುಹೋಗಿರುವುದು ಅಪರೂಪ. ಅದು ಇಲಿ ಹುಡುಕಲು ಹೋಗಿರುತ್ತದೆ, ಇಲ್ಲವೇ ಜನರ ಸದ್ದಿಗೆ ಹತ್ತಿರದಲ್ಲೇ ಅಡಗಿರುತ್ತದೆ. ಆ ಒಂದು ತುಂಡು ಹುಲ್ಲನ್ನು ಕೊಚ್ಚದೆ ಬಿಟ್ಟು, ನಾಯಿಗಳನ್ನು ಕಟ್ಟಿಹಾಕಿ, ರಾತ್ರಿಯವರೆಗೆ ಆ ಕಡೆ ಹೋಗದಿದ್ದರೆ ತಾಯಿ ಬಂದು ಒಂದೊಂದಾಗಿ ಕಚ್ಚಿಕೊಂಡು ಬೇರೆ ಕಡೆ ಸಾಗಿಸುತ್ತದೆ. ಮರುದಿನವೂ ಮರಿಗಳು ಅಲ್ಲೇ ಇದ್ದು ಸೊರಗಿದ್ದರೆ ಮಾತ್ರ ಅರಣ್ಯ ಇಲಾಖೆಗೆ ಫೋನ್ ಮಾಡಿ.